ಫೋನ್ ಚಟ ಬಿಡಿಸುವ ಆ್ಯಪ್ ಹಾಕಿಕೊಂಡೆ, ಸೋದರತ್ತೆಯ ಹಣ ಹೋಯಿತು

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದ ಯಾವುದಾದರೂ ಆ್ಯಪ್ ನಿಮ್ಮ ಹತ್ತಿರ 'ಆ್ಯಕ್ಸೆಸಿಬಿಲಿಟಿ' ಅನುಮತಿ ಕೇಳಿದರೆ ಕೊಡಬೇಡಿ. ನಾನು ಕೊಟ್ಟೆ. ಅದರ ಪೆಟ್ಟು ಬಿದ್ದದ್ದು ನನಗಲ್ಲ, ಅಪ್ಪನ ತಂಗಿಗೆ.

ಶುರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ರಾತ್ರಿ ಮಲಗಿದ ಮೇಲೂ ಕೈಯಿಂದ ಫೋನ್ ಬಿಡುತ್ತಿರಲಿಲ್ಲ. ಐದೇ ನಿಮಿಷ ಅಂತ ವಿಡಿಯೊ ತೆರೆದರೆ ಗಂಟೆ ಒಂದಾಗುತ್ತಿತ್ತು. ಬೆಳಿಗ್ಗೆ ಕಣ್ಣು ಉರಿ, ತಲೆ ಭಾರ. ಒಂದು ಸಂಜೆ ಮಗಳು ಶಾಲೆಯ ವಿಷಯ ಏನೋ ಹೇಳುತ್ತಿದ್ದಳು. ನಾನು ಹ್ಞೂಂ ಹ್ಞೂಂ ಅನ್ನುತ್ತಾ ಸ್ಕ್ರೀನ್ ನೋಡುತ್ತಿದ್ದೆ. ಅವಳು ಅರ್ಧಕ್ಕೇ ನಿಲ್ಲಿಸಿ, "ಆಮೇಲೆ ಹೇಳ್ತೀನಿ ಬಿಡಪ್ಪಾ" ಅಂದು ಎದ್ದು ಹೋದಳು. ಆ ಮಾತು ಬಹಳ ಚುಚ್ಚಿತು. ಫೋನ್ ಕಡಿಮೆ ಮಾಡಲೇಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಕಡಿಮೆ ಮಾಡುವುದಕ್ಕೆ ನಾನು ಹುಡುಕಿದ್ದು ಇನ್ನೊಂದು ಆ್ಯಪ್ ಅನ್ನು. ತಪ್ಪಿದ್ದು ಅಲ್ಲೇ.

ಆ್ಯಪ್ ಸ್ಟೋರ್‌ನಲ್ಲೇ ಸಿಕ್ಕಿತು. ನಾವು ಇಟ್ಟ ಸಮಯ ಮುಗಿದರೆ ವಿಡಿಯೊ ಆ್ಯಪ್‌ಗಳಿಗೆ ಬೀಗ ಹಾಕುತ್ತಿತ್ತು. ಒಂದು ವಾರ ಚೆನ್ನಾಗೇ ನಡೆಯಿತು. ಆಮೇಲೊಂದು ದಿನ ಸ್ಕ್ರೀನ್ ತುಂಬಾ ಒಂದು ಸೂಚನೆ ಬಂತು: ಹೊಸ ಆವೃತ್ತಿ ಬಂದಿದೆ, ಅಪ್‌ಡೇಟ್ ಮಾಡದಿದ್ದರೆ ಬೀಗ ಕೆಲಸ ಮಾಡುವುದಿಲ್ಲ. ಒತ್ತಿದೆ. ಸ್ಟೋರ್ ತೆರೆಯಲಿಲ್ಲ. ಒಂದು ಫೈಲ್ ನೇರವಾಗಿ ಡೌನ್‌ಲೋಡ್ ಆಯಿತು. ಹೊರಗಿನಿಂದ ಬಂದ ಆ್ಯಪ್ ಹಾಕಬೇಕಾ ಅಂತ ಫೋನ್ ಕೇಳಿತು. ಹೂಂ ಅಂದೆ.

ಆಮೇಲೆ ಅದು ಆ್ಯಕ್ಸೆಸಿಬಿಲಿಟಿ ಆನ್ ಮಾಡಿ ಅಂತ ಕೇಳಿತು. ಇಲ್ಲಿ ಒಂದು ವಿಷಯ ಗಮನಿಸಿ. ಫೋನ್ ತಾನಾಗಿ ಬೇಡ ಅಂದಿತು. ಆ ಸ್ವಿಚ್ ಬೂದು ಬಣ್ಣದಲ್ಲಿತ್ತು. ಒತ್ತಿದರೆ, ನಿಮ್ಮ ಸುರಕ್ಷತೆಗಾಗಿ ಈ ಸೆಟ್ಟಿಂಗ್ ಸದ್ಯಕ್ಕೆ ಸಿಗುವುದಿಲ್ಲ ಅನ್ನುವ ಅರ್ಥದ ಸಂದೇಶ ಬರುತ್ತಿತ್ತು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈ ತಡೆ ಇದೆ. ಸ್ಟೋರ್‌ನ ಹೊರಗಿನಿಂದ ಹೀಗೆ ಬಂದ ಆ್ಯಪ್‌ಗಳಿಗೆ ಈ ಅನುಮತಿ ಸುಲಭವಾಗಿ ಸಿಗಬಾರದು ಅಂತಲೇ ಅದನ್ನು ಇಟ್ಟಿದ್ದಾರೆ. ಆದರೆ ಆ ಆ್ಯಪ್ ಇದಕ್ಕೂ ತಯಾರಾಗಿತ್ತು. ಎಲ್ಲಿ ಒತ್ತಬೇಕು, ಮೇಲಿನ ಮೂರು ಚುಕ್ಕಿ ಎಲ್ಲಿದೆ, ಯಾವುದಕ್ಕೆ 'ಅನುಮತಿಸಿ' ಅನ್ನಬೇಕು ಅಂತ ಬಾಣದ ಗುರುತು ಹಾಕಿ ಒಂದೊಂದೇ ಚಿತ್ರ ತೋರಿಸಿತು. ನಾನು ಅದು ಹೇಳಿದ ಹಾಗೇ ಮಾಡಿದೆ. ಫೋನ್ ಹಾಕಿದ್ದ ಅಗಳಿಯನ್ನು ನನ್ನ ಕೈಯಾರೆ ತೆಗೆದೆ.

ಈ ಅನುಮತಿ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಕಣ್ಣು ಕಾಣದವರಿಗೆ ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸೌಲಭ್ಯಗಳು ಇದರ ಮೇಲೆ ನಡೆಯುತ್ತವೆ. ಬೆರಳು ಆಡಿಸಲು ಕಷ್ಟ ಇರುವವರಿಗೂ ಇದು ಬೇಕು. ಓದಿ ಹೇಳಬೇಕು ಅಂದರೆ ಸ್ಕ್ರೀನ್ ಮೇಲಿನದ್ದು ಅದಕ್ಕೆ ಕಾಣಲೇಬೇಕು. ಅವರ ಪರವಾಗಿ ಬಟನ್ ಒತ್ತಲೂ ಬರಬೇಕು. ಅಂಥವರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಅದೇ ಕಣ್ಣು, ಅದೇ ಕೈ ಕಳ್ಳನಿಗೆ ಸಿಕ್ಕರೆ? ನಾವು ಬರೆಯುವ ಮೆಸೇಜ್, ತೆರೆದು ಓದುವ ಪತ್ರ, ಟೈಪ್ ಮಾಡುವ ಹೆಸರು ಎಲ್ಲವೂ ಅವನಿಗೆ ಕಾಣುತ್ತವೆ. ಜೊತೆಗೆ, ಗದ್ದಲ ಕಡಿಮೆ ಮಾಡುತ್ತೇನೆ ಅಂತ ಹೇಳಿ ನೋಟಿಫಿಕೇಶನ್ ಓದುವ ಅನುಮತಿಯನ್ನೂ ಅದು ಪಡೆದುಕೊಂಡಿತ್ತು. ಒಟಿಪಿ ಬರುವುದು ಅಲ್ಲಿಗೇ ಅಲ್ವಾ?

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಬ್ಯಾಟರಿ ಬೇಗ ಇಳಿಯುತ್ತಿತ್ತು, ಅಷ್ಟೇ. ಫೋನ್ ಹಳೆಯದಾಯಿತು ಅಂದುಕೊಂಡೆ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೆಸೇಜ್ ಆ್ಯಪ್‌ನಿಂದ ನಾನು ಹೊರಗೆ ಬಿದ್ದಿದ್ದೆ. ನಿಮ್ಮ ನಂಬರ್ ಬೇರೊಂದು ಫೋನ್‌ನಲ್ಲಿ ನೋಂದಣಿಯಾಗಿದೆ ಅಂತ ಬರೆದಿತ್ತು. ಒಟಿಪಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಟಿಪಿ ಹೇಳದಿದ್ದರೆ ಸಾಕು ಅಂತ ನಾವೆಲ್ಲ ನಂಬಿದ್ದೇವೆ. ಇಲ್ಲಿ ಕಳ್ಳ ಕೇಳಲೇ ಇಲ್ಲ, ನೋಟಿಫಿಕೇಶನ್‌ನಿಂದ ತಾನೇ ಓದಿಕೊಂಡ.

ಅಷ್ಟರಲ್ಲಿ ಅತ್ತೆಯ ಫೋನ್ ಬಂತು. "ಅಮ್ಮ ಹೇಗಿದ್ದಾಳೋ? ದುಡ್ಡು ತಲುಪಿತಾ?" ಅಂದರು. ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅವರು ನನ್ನ ಹೆಸರಿನಲ್ಲಿ ಬಂದಿದ್ದ ಮೆಸೇಜ್ ಓದಿದರು: "ಅತ್ತೆ, ಅಮ್ಮನ ಮಂಡಿ ಆಪರೇಷನ್ ಇವತ್ತೇ ಮಾಡಬೇಕಂತೆ. ಅಪ್ಪನಿಗೆ ಈಗಲೇ ಹೇಳಬೇಡಿ, ಗಾಬರಿ ಮಾಡ್ಕೋತಾರೆ. ನಾನು ಡಾಕ್ಟರ್ ಹತ್ತಿರ ಇದ್ದೀನಿ, ಫೋನ್ ಎತ್ತೋಕೆ ಆಗಲ್ಲ." ಕೆಳಗೆ ಒಂದು ಖಾತೆಯ ನಂಬರ್.

ಅಮ್ಮನ ಆಪರೇಷನ್ ಮುಂದಿನ ತಿಂಗಳು ಇತ್ತು. ಅದು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. 'ಅಪ್ಪ ಗಾಬರಿ ಮಾಡ್ಕೋತಾರೆ' ಅನ್ನುವುದು ನಾನೇ ಅತ್ತೆಗೆ ನಾಲ್ಕು ದಿನದ ಹಿಂದೆ ಬರೆದ ಮಾತು. ಅಕ್ಷರ ಅಕ್ಷರ ಅದೇ. "ನೀನೇ ಬರೆದ ಹಾಗಿತ್ತು ಕಣೋ" ಅಂದರು ಅತ್ತೆ. ಅವರ ತಪ್ಪು ಏನೂ ಇಲ್ಲ. ಅತ್ತಿಗೆಗೆ ಕಷ್ಟ ಅಂತ ಒಂದು ಕ್ಷಣವೂ ಯೋಚಿಸದೆ ಕೂಡಿಟ್ಟ ಹಣ ಕಳಿಸಿದ್ದರು. ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಟ್ಟೆವು. ಹಣ ಇನ್ನೂ ವಾಪಸ್ ಬಂದಿಲ್ಲ. ತಿಂಗಳು ತಿಂಗಳು ನಾನು ತೀರಿಸುತ್ತಿದ್ದೇನೆ. ಬೇಡ ಬೇಡ ಅನ್ನುತ್ತಾರೆ, ನನಗೆ ಮನಸ್ಸು ಒಪ್ಪುವುದಿಲ್ಲ.

ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಅಂತ ನಾನೂ ಹಿಂದೆ ಹೇಳುತ್ತಿದ್ದೆ. ಇವತ್ತು ಹಾಗೆ ಹೇಳಲಾರೆ. ನನ್ನ ಫೋನ್‌ನಲ್ಲಿದ್ದದ್ದು ಅಮ್ಮನ ಆರೋಗ್ಯ, ಅಪ್ಪನ ಸ್ವಭಾವ, ಅತ್ತೆಯ ನಂಬರ್. ಅದರಲ್ಲಿ ಯಾವುದೂ ಬೇರೆಯವರಿಗೆ ಕೊಡಲು ನನ್ನ ಸ್ವತ್ತಲ್ಲ. ಕಾಂಟ್ಯಾಕ್ಟ್ಸ್ ಅನುಮತಿಗೆ ಸುಮ್ನೆ ಹೂಂ ಅಂದಾಗಲೆಲ್ಲ ನಾನು ಒಪ್ಪಿಸುತ್ತಿದ್ದದ್ದು ಇವರನ್ನೇ.

ಇನ್ನು ಆ ಆ್ಯಪ್ ತೆಗೆಯುವ ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ಅದರ ಪುಟ ತೆರೆದ ಕೂಡಲೇ ಪುಟ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ನೋಡಿದೆ, ಮೂರೂ ಸಲ ಹಾಗೇ. ಮುಚ್ಚುತ್ತಿದ್ದದ್ದು ಆ ಆ್ಯಪ್ಪೇ, ನಾನು ಕೊಟ್ಟ ಅನುಮತಿಯಿಂದಲೇ. ಹೀಗಾದರೆ ಮೊದಲು ಇಂಟರ್ನೆಟ್ ಆಫ್ ಮಾಡಿ. ಆಮೇಲೆ ಫೋನ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆಯಿರಿ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಮೆನುವಿನ 'ಪವರ್ ಆಫ್' ಅಥವಾ 'ರೀಸ್ಟಾರ್ಟ್' ಅನ್ನು ಒತ್ತಿ ಹಿಡಿದರೆ ಅದು ಬರುತ್ತದೆ. ಅಲ್ಲಿ ನಾವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ. ಆ್ಯಕ್ಸೆಸಿಬಿಲಿಟಿ ಆಫ್ ಮಾಡಿ, ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ (ಫೋನ್ ಮೇಲೆ ಹೆಚ್ಚಿನ ಅಧಿಕಾರ ಪಡೆದ ಆ್ಯಪ್‌ಗಳ ಪಟ್ಟಿ, ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ) ಇದ್ದರೆ ಅಲ್ಲಿಂದಲೂ ತೆಗೆದು, ಅಳಿಸಿಹಾಕಬಹುದು. ಅಷ್ಟಾದರೂ ನನಗೆ ಧೈರ್ಯ ಬರಲಿಲ್ಲ. ಇಡೀ ಫೋನ್ ರೀಸೆಟ್ ಮಾಡಿದೆ. ಪಾಸ್‌ವರ್ಡ್‌ಗಳನ್ನು ಹೆಂಡತಿಯ ಲ್ಯಾಪ್‌ಟಾಪ್‌ನಿಂದ ಬದಲಿಸಿದೆ, ಇಮೇಲ್‌ನದ್ದು ಎಲ್ಲಕ್ಕಿಂತ ಮೊದಲು. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ ತಾನೇ. ಮೆಸೇಜ್ ಆ್ಯಪ್ ಮಾತ್ರ ಏಳು ದಿನ ಸಿಗಲಿಲ್ಲ, ಕಳ್ಳ ಅದಕ್ಕೆ ಎರಡನೇ ಹಂತದ ಪಿನ್ ಹಾಕಿಬಿಟ್ಟಿದ್ದ. ಆ ಪಿನ್ ಅನ್ನು ನಾನು ಮೊದಲೇ ಹಾಕಿಟ್ಟಿದ್ದರೆ, ಬರೀ ಒಟಿಪಿಯಿಂದ ಅವನು ಒಳಗೆ ಬರಲು ಆಗುತ್ತಿರಲಿಲ್ಲ. ನಿಮ್ಮದರಲ್ಲಿ ಹಾಕಿಲ್ಲ ಅಂದರೆ ಇವತ್ತೇ ಹಾಕಿ.

ರೀಸೆಟ್ ಆದ ಮೇಲೆ, ಹಳೆಯ ಆ್ಯಪ್‌ಗಳನ್ನು ವಾಪಸ್ ತರಲಾ ಅಂತ ಫೋನ್ ಕೇಳಿತು. ಪಟ್ಟಿಯಲ್ಲಿ 83 ಇದ್ದವು. ಅರ್ಧದಷ್ಟರ ಹೆಸರೂ ನೆನಪಿರಲಿಲ್ಲ. ಬೇಡ ಅಂದೆ. ಯಾವುದು ಬೇಕು ಅನ್ನಿಸುತ್ತದೋ ಅದನ್ನು ಅವತ್ತೇ ಹಾಕೋಣ ಅಂತ ಖಾಲಿ ಫೋನ್‌ನಿಂದ ಶುರು ಮಾಡಿದೆ. ಎರಡು ತಿಂಗಳಾಯಿತು, 17 ಆಗಿವೆ. ವಿಡಿಯೊ ನೋಡಬೇಕಾದರೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಅಷ್ಟು ಕಷ್ಟ ಯಾರು ಪಡುತ್ತಾರೆ ಅಂತ ಎಷ್ಟೋ ಸಲ ಬಿಟ್ಟೇಬಿಡುತ್ತೇನೆ.

ಸಮಯಕ್ಕೆ ಬೀಗ ಹಾಕುವ ಸೌಲಭ್ಯ ಬೇಕಿದ್ದರೆ ಅದು ಫೋನ್ ಒಳಗೇ ಇದೆ. ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ಎರಡೂ 2018ರಲ್ಲಿ ಬಂದವು. ಸ್ಕ್ರೀನ್ ಅನ್ನು ಕಪ್ಪು ಬಿಳುಪು ಮಾಡಿದರೆ ಸೆಳೆತ ಇನ್ನೂ ಇಳಿಯುತ್ತದೆ, ನಾನು ರಾತ್ರಿ ಒಂಬತ್ತರ ಮೇಲೆ ಹಾಗೇ ಇಡುತ್ತೇನೆ. ಇಷ್ಟೆಲ್ಲ ಕೈಯಲ್ಲೇ ಇದ್ದು ಹೊರಗೆ ಹುಡುಕಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಳ್ಳ ಆ್ಯಪ್ ಅಲ್ಲದಿದ್ದರೂ ಅನುಮತಿ ಕೊಡುವಾಗ ಯೋಚಿಸಿ. ಲೊಕೇಶನ್ ಅಂತೂ ಬಹಳ ಮಾತಾಡುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ದಾಖಲೆ ನೋಡಿದ್ದರು. ಅದರಲ್ಲಿ ಹೆಸರಿರಲಿಲ್ಲ. ಆದರೂ ಎಲ್ಲಿ, ಯಾವ ಹೊತ್ತಿನಲ್ಲಿ ಇದ್ದರು ಅನ್ನುವ ನಾಲ್ಕೇ ನಾಲ್ಕು ಗುರುತು ಸಿಕ್ಕರೆ ಸಾಕು, 95% ಜನರನ್ನು ಉಳಿದವರಿಂದ ಬೇರೆ ಮಾಡಿ ತೋರಿಸಬಹುದಿತ್ತು. ಹೆಸರಿಲ್ಲದ ಡೇಟಾ ಅಂತ ಆ್ಯಪ್‌ಗಳು ಹೇಳುವಾಗ ನನಗೆ ಇದು ನೆನಪಾಗುತ್ತದೆ. ಆಂಡ್ರಾಯ್ಡ್ 12ರಿಂದ ಪ್ರೈವೆಸಿ ಡ್ಯಾಶ್‌ಬೋರ್ಡ್ ಇದೆ. ಯಾವ ಆ್ಯಪ್ ಯಾವಾಗ ಕ್ಯಾಮೆರಾ, ಮೈಕ್, ಲೊಕೇಶನ್ ಮುಟ್ಟಿತು ಅಂತ ಗಂಟೆ ಸಮೇತ ತೋರಿಸುತ್ತದೆ. ಹೆಂಡತಿಯ ಫೋನ್‌ನಲ್ಲಿ ನೋಡಿದರೆ ಒಂದು ವಾಲ್‌ಪೇಪರ್ ಆ್ಯಪ್ ರಾತ್ರಿ ಎರಡೂವರೆಗೆ ಲೊಕೇಶನ್ ತೆಗೆದುಕೊಂಡಿತ್ತು. ವಾಲ್‌ಪೇಪರ್‌ಗೆ ನಾವು ಎಲ್ಲಿ ಮಲಗಿದ್ದೇವೆ ಅಂತ ಯಾಕೆ ಗೊತ್ತಿರಬೇಕು? ಅದೂ ಹೋಯಿತು.

ಮನೆಯಲ್ಲಿ ಈಗ ಒಂದು ಮಾತು ಆಗಿದೆ. ಹಣದ ಮೆಸೇಜ್ ಯಾರಿಂದ ಬಂದರೂ, ಎಷ್ಟೇ ಅರ್ಜೆಂಟ್ ಆದರೂ, ಕರೆ ಮಾಡಿ ದನಿ ಕೇಳಿದ ಮೇಲೇ ಕಳಿಸುವುದು. ಫೋನ್ ಎತ್ತಲು ಆಗಲ್ಲ ಅಂತ ಬರೆದಿದ್ದರೆ ಮನೆಯ ಇನ್ನೊಬ್ಬರಿಗೆ ಕರೆ ಮಾಡುವುದು.

ಕಳೆದ ವಾರ ಅತ್ತೆಯ ಮನೆಗೆ ಹೋದಾಗ ಅವರ ಫೋನ್‌ನ ಆ್ಯಕ್ಸೆಸಿಬಿಲಿಟಿ ಪುಟ ತೆರೆದೆ. ಡೌನ್‌ಲೋಡ್ ಆದ ಆ್ಯಪ್‌ಗಳು ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ, ಫೋನ್ ಕ್ಲೀನ್ ಮಾಡುತ್ತೇನೆ ಅನ್ನುವ ಒಂದು ಆ್ಯಪ್ ಆನ್ ಆಗಿ ಕೂತಿತ್ತು. ಯಾವಾಗ ಹಾಕಿದ್ದು ಅಂತ ಕೇಳಿದೆ. ಅವರಿಗೆ ನೆನಪಿರಲಿಲ್ಲ. ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಸ್ವಿಚ್ ಎಲ್ಲಿದೆ ಅಂತ ತೋರಿಸಿದೆ, ಅವರೇ ಆಫ್ ಮಾಡಿದರು.