ಮಲೆನಾಡಿನ ಮನೆಗೆ ಹೀಟ್ ಪಂಪ್: ಎರಡು ಮಳೆಗಾಲ ಕಳೆದ ಮೇಲೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆ. ಮೂರು ತಲೆಮಾರಿನ ಆರು ಜನ ಇದ್ದೇವೆ. ಹೊಸ ಮನೆ ಕಟ್ಟಿಸಿದಾಗ ಸ್ನಾನದ ನೀರಿಗೆಂದು 200 ಲೀಟರ್ ಟ್ಯಾಂಕಿನ ಹೀಟ್ ಪಂಪ್, ಅಂದರೆ ಕಂಪ್ರೆಸರ್ ಓಡಿಸಿ ಗಾಳಿಯ ಶಾಖವನ್ನು ನೀರಿಗೆ ಎಳೆದುಕೊಡುವ ಯಂತ್ರ, ಹಾಕಿಸಿದೆವು. ಫಿಟ್ಟಿಂಗ್ ಸೇರಿ ಒಂದೂಕಾಲು ಲಕ್ಷದ ಹತ್ತಿರ ಖರ್ಚಾಯಿತು. ಅಷ್ಟು ಹಣ ಕೊಟ್ಟವರಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾರಿದವರು ಹೇಳಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಮನೆಬಳಕೆಯ ಇಂಥ ಯಂತ್ರಗಳಲ್ಲಿ ಹಲವಕ್ಕೆ ಕಂಪ್ರೆಸರ್ ಜೊತೆಗೆ, ಟ್ಯಾಂಕಿನೊಳಗೆ, ಮಾಮೂಲಿ ಗೀಸರ್‌ನಲ್ಲಿರುವಂಥದ್ದೇ ಒಂದು ಕಾಯಿಲ್ ಇರುತ್ತದೆ. ಕಂಪ್ರೆಸರ್ ನಿಧಾನ. ತಣ್ಣಗಿರುವ ಪೂರ್ತಿ ಟ್ಯಾಂಕ್ ಕಾಯಲು ಮೂರು ನಾಲ್ಕು ಗಂಟೆ ಬೇಕು. 'ಆಟೋ'ದಲ್ಲಿ ಇಟ್ಟರೆ ನೀರು ಬೇಗ ಕಾಯಲಿ ಎಂದು ಯಂತ್ರ ತಾನಾಗಿಯೇ ಕಾಯಿಲನ್ನೂ ಹಚ್ಚಿಕೊಳ್ಳುತ್ತದೆ. ಫಿಟ್ಟಿಂಗ್‌ಗೆ ಬಂದವರು ಅದನ್ನು ಆಟೋದಲ್ಲೇ ಬಿಟ್ಟು ಹೋದರು. ಹಳೆಯ ಮನೆಯ ಆರ್‌ಆರ್ ನಂಬರನ್ನೇ ಮುಂದುವರಿಸಿದ್ದರಿಂದ ನಮಗೆ ಗೃಹಜ್ಯೋತಿ ಇತ್ತು. ತಿಂಗಳ ಬಳಕೆ 200 ಯುನಿಟ್ ದಾಟಿತು, ಪೂರ್ತಿ ಬಿಲ್ ಕೈಗೆ ಬಂತು. ಕರೆಂಟ್ ಉಳಿಸಲೆಂದು ತಂದ ಯಂತ್ರದಿಂದಲೇ ರಿಯಾಯಿತಿ ತಪ್ಪಿತು.

ಕಂಪನಿಗೆ ಫೋನ್ ಮಾಡಿದರೆ, ಮನೆಯ ಬೇರೆ ಯಾವುದೋ ಉಪಕರಣದ ಬಳಕೆ ಇರಬೇಕು ಎಂದರು. ಊರಿನ ಗೀಸರ್ ರಿಪೇರಿಯವರು ಇದು ಎಸಿ ಜಾತಿಯದು, ನನಗೆ ತಿಳಿಯದು ಎಂದರು. ಶಿವಮೊಗ್ಗದಿಂದ ಕರೆಸಿದ ಎಸಿ ಮೆಕ್ಯಾನಿಕ್ ನೀರಿನ ಟ್ಯಾಂಕ್ ಮುಟ್ಟುವುದಿಲ್ಲ ಎಂದು ಹೊರಟುಹೋದರು. ಕೊನೆಗೆ ನನ್ನ ತಮ್ಮ ಮೀಟರಿನ ಮುಂದೆ ನಿಂತು, ದೀಪ ಮಿನುಗುವ ವೇಗ ಇದ್ದಕ್ಕಿದ್ದಂತೆ ಏರಿದ್ದನ್ನು ಗಮನಿಸಿ ಕಾಯಿಲನ್ನು ಹಿಡಿದ. ಆಟೋ ತೆಗೆದು, ಕಂಪ್ರೆಸರ್ ಮಾತ್ರ ಓಡುವ 'ಇಕೊ'ಗೆ ಹಾಕಿದೆವು. ಒಂದು ಗುಂಡಿ ಒತ್ತುವ ಕೆಲಸ, ಅಷ್ಟೇ.

ಈಗ ಲೆಕ್ಕ ಹೀಗಿದೆ. 200 ಲೀಟರ್ ನೀರನ್ನು 22 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಬರೀ ಕಾಯಿಲ್ ಆದರೆ ಏಳೂವರೆ ಯುನಿಟ್‌ಗೂ ಮೇಲೆ ಬೇಕು. ನಮ್ಮ ಪಂಪ್‌ಗೆ ಎರಡೂವರೆ ಯುನಿಟ್ ಸಾಕಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಸ್ವಲ್ಪ ಹೆಚ್ಚು. ಗಾಳಿ ಬೆಚ್ಚಗಿದ್ದಷ್ಟೂ ಖರ್ಚು ಕಡಿಮೆ ಎಂಬುದು ತಿಳಿದ ಮೇಲೆ ಬೆಳಗಿನ ಜಾವಕ್ಕಿದ್ದ ಟೈಮರನ್ನು ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಿದೆವು. ತೋಟದಿಂದ ಬಂದವರು ಸಂಜೆ ಮೀಯುತ್ತಾರೆ. ಉಳಿದ ನೀರು ರಾತ್ರಿಯೆಲ್ಲ ಟ್ಯಾಂಕಿನಲ್ಲಿ ಬಿಸಿ ಹಿಡಿದುಕೊಂಡಿದ್ದು ಅಮ್ಮನ ಬೆಳಗಿನ ಮಡಿ ಸ್ನಾನಕ್ಕೆ ಒದಗುತ್ತದೆ. ಕರೆಂಟ್ ಹೋದರೂ ಅಮ್ಮನ ಸ್ನಾನ ತಪ್ಪುವುದಿಲ್ಲ.

ಸೋಲಾರ್ ಏಕೆ ಬೇಡವಾಯಿತು ಎಂದು ಎಲ್ಲರೂ ಕೇಳುತ್ತಾರೆ. ಬಯಲುಸೀಮೆಯಲ್ಲಿ ಮನೆ ಕಟ್ಟಿದ್ದರೆ ನಾನೂ ಸೋಲಾರನ್ನೇ ಹಾಕಿಸುತ್ತಿದ್ದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ, ಬಿಸಿನೀರು ತೀರಾ ಬೇಕಾಗುವುದೂ ಆಗಲೇ. ಹೀಟ್ ಪಂಪ್‌ಗೆ ಬಿಸಿಲೇ ಬೇಕೆಂದಿಲ್ಲ, ಗಾಳಿಯಲ್ಲಿರುವ ಶಾಖ ಸಾಕು. ನಮ್ಮ ಮಳೆಗಾಲದ ಗಾಳಿ ಚಳಿಗಾಲದ ಇರುಳಿನಷ್ಟು ತಣ್ಣಗಿರುವುದಿಲ್ಲ. ಮೇಲಾಗಿ ಗಾಳಿಯ ತೇವ ಯಂತ್ರದೊಳಗೆ ನೀರಾಗುವಾಗ ಬಿಡುವ ಶಾಖವೂ ಅದಕ್ಕೇ ಸಿಗುತ್ತದೆ. ಆ ನೀರು ಸಣ್ಣ ಪೈಪಿನಿಂದ ದಿನವೂ ತೊಟ್ಟಿಕ್ಕುತ್ತದೆ. ಬಟ್ಟೆ ಒಣಗದ, ಗೋಡೆ ಬೆವರುವ ಆ ತಿಂಗಳುಗಳ ಥಂಡಿಯಿಂದಲೇ ಸ್ನಾನದ ನೀರು ಕಾಯುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ವಿಷಯ.

ನಿರೀಕ್ಷಿಸಿರದ ಇನ್ನೊಂದು ಸುಖವೂ ಸಿಕ್ಕಿತು. ಕಂಪನಿಯವರು ಯಂತ್ರವನ್ನು ಉಗ್ರಾಣದಲ್ಲಿ ಇಡಿಸಲು ಹೇಳಿದ್ದರು. ಮುಚ್ಚಿದ ಕೋಣೆಯಲ್ಲಿ ಅದು ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸೊರಗುತ್ತದೆ. ನಾವು ಒಪ್ಪದೆ ಹಿಂಜಗಲಿಯಲ್ಲಿ ಇಡಿಸಿದೆವು. ಏಪ್ರಿಲ್ ಮಧ್ಯಾಹ್ನ ಅದು ಓಡತೊಡಗಿದರೆ ಜಗಲಿಯ ಆ ಮೂಲೆ ತಂಪೋ ತಂಪು. ಊಟವಾದ ಮೇಲೆ ಅಮ್ಮ ಅಲ್ಲಿಗೇ ಚಾಪೆ ತಂದು ಹಲಸಿನ ಬೇಳೆ ಬಿಡಿಸುತ್ತಾ ಕೂರುತ್ತಾರೆ. ಮಕ್ಕಳ ಪುಸ್ತಕವೂ ಅಲ್ಲಿಗೇ ಬರುತ್ತದೆ. ಸದ್ದಿದೆ. ಮಲಗುವ ಕೋಣೆಯ ಕಿಟಕಿಯ ಪಕ್ಕ ಇದನ್ನು ಖಂಡಿತ ಇಡಬೇಡಿ.

ಹಂಡೆಯ ಬದಲಿಗೆ ಇದು ಆದೀತೇ ಎಂದರೆ, ದಿನನಿತ್ಯಕ್ಕೆ ಆದೀತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಾವು ಈಗಲೂ ಹೊರಗಿನ ಬಚ್ಚಲ ಹಂಡೆಯನ್ನೇ ತೊಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ಅಡಿಕೆ ಸಿಪ್ಪೆಯ ಉರಿ ಹಾಕುತ್ತೇವೆ. ಎಣ್ಣೆ ಹಚ್ಚಿಕೊಂಡವರಿಗೆ ಬೇಕಾದ ಸುಡುನೀರು ಅಲ್ಲಿಯದೇ. ಹಬ್ಬಕ್ಕೆ ನೆಂಟರು ತುಂಬಿದಾಗ ಮಾತ್ರ ಕಾಯಿಲನ್ನು ನಾವಾಗಿಯೇ ಹಾಕುತ್ತೇವೆ.

ಹಾಕಿಸುವವರು ಗಮನಿಸಬೇಕಾದ್ದು ಇನ್ನೂ ಕೆಲವಿದೆ. ಹಳ್ಳಿಯ ಕಡಿಮೆ ವೋಲ್ಟೇಜಿಗೆ ಸ್ಟೆಬಿಲೈಜರ್ ಇಲ್ಲದಿದ್ದರೆ ಕಂಪ್ರೆಸರ್ ಕೆಡಬಹುದು. ಗಾಳಿ ಎಳೆಯುವ ಜಾಲರಿಗೆ ಜೇಡರ ಬಲೆ, ಧೂಳು ಕಟ್ಟುತ್ತದೆ, ಆಗಾಗ ಬ್ರಷ್ ಹಾಕಬೇಕು. ಹಲ್ಲಿ ಒಳಗೆ ನುಗ್ಗದಂತೆ ವೈರ್ ಹೋಗುವ ತೂತುಗಳನ್ನು ಮುಚ್ಚಿಸಿ. ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ, ಆದ್ದರಿಂದ ವಾರಕ್ಕೊಮ್ಮೆ 60 ಡಿಗ್ರಿ ದಾಟಿಸುವ ವ್ಯವಸ್ಥೆ ಇರುವುದನ್ನೇ ಆರಿಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಕಡ್ಡಿ, ಅಂದರೆ ಆನೋಡ್, ಬೇಗ ಮುಗಿಯಬಹುದು. ಅದನ್ನು ಬದಲಿಸಲು ಯಾವ ಊರಿನಿಂದ ಯಾರು ಬರುತ್ತಾರೆ ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ನಮ್ಮ ಆನೋಡ್ ಬದಲಿಸಲು ಹೇಳಿ ಆಗಿದೆ, ಇನ್ನೂ ಯಾರೂ ಬಂದಿಲ್ಲ.