ಪ್ರೋಟಾನ್ ಮ್ಯಾಗ್ನೆಟೋಮೀಟರ್: ಡೈಕ್ ಹುಡುಕಲು ಸೈ, ಪಂಪ್‌ಸೆಟ್ ಲೈನಿನ ಕೆಳಗೆ ಬೇಡ

ಹಾರೋಹಳ್ಳಿ, ಕನಕಪುರ ಕಡೆಯ ಡೈಕ್‌ಗಳ (ಹಳೆಯ ಬಂಡೆಯ ಬಿರುಕಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಗೋಡೆಯಂಥ ಶಿಲೆಗಳ) ನಕ್ಷೆಗೆ, ಭೂಮಿಯ ಕಾಂತಕ್ಷೇತ್ರ ಅಳೆಯುವ ಈ ಉಪಕರಣವನ್ನು ವರ್ಷಗಟ್ಟಲೆ ದುಡಿಸಿಕೊಂಡು ಬರೆಯುತ್ತಿರುವ ಮಾತು. ತೂಕ, ಮೆಮೊರಿ, ರೆಸಲ್ಯೂಷನ್ ಕ್ಯಾಟಲಾಗಿನಲ್ಲಿವೆ. ಅಲ್ಲಿ ಇಲ್ಲದ್ದು ಒಂದೇ: ಪಂಪ್‌ಸೆಟ್ ಲೈನಿನ ಹತ್ತಿರ ಇದಕ್ಕೆ ಕಿವಿ ಕೇಳಿಸುವುದಿಲ್ಲ.

ಸೆನ್ಸರ್ ಬಾಟಲಿಯ ಸೀಮೆಎಣ್ಣೆಯಲ್ಲಿರುವ ಪ್ರೋಟಾನ್‌ಗಳು ಕಾಂತಕ್ಷೇತ್ರದಲ್ಲಿ ಬುಗುರಿಯಂತೆ ಓಲಾಡುವ ಆವರ್ತನವನ್ನೇ ಇದು ಎಣಿಸುತ್ತದೆ: ಪ್ರತಿ ನ್ಯಾನೊಟೆಸ್ಲಾಗೆ (ಕಾಂತಕ್ಷೇತ್ರದ ಅಳತೆ) 0.04258 ಹರ್ಟ್ಸ್. ದಕ್ಷಿಣ ಕರ್ನಾಟಕದ ಕಾಂತಕ್ಷೇತ್ರ 41,000 ನ್ಯಾನೊಟೆಸ್ಲಾ ಆಸುಪಾಸು, ಅಂದರೆ ಸುಮಾರು 1,746 ಹರ್ಟ್ಸ್. ಕರೆಂಟಿನ 50 ಹರ್ಟ್ಸ್‌ನ 35ನೇ ಹಾರ್ಮೋನಿಕ್ (35 ಪಟ್ಟು ಆವರ್ತನದ ಮರಿ ಅಲೆ) 1,750. ಎರಡೂ ಇಷ್ಟು ಹತ್ತಿರ ಕೂತಾಗ ಯಾವ ಫಿಲ್ಟರ್ ತಾನೇ ಬೇರ್ಪಡಿಸೀತು? ರೀಡಿಂಗ್ ಒಮ್ಮೆ 41,020, ಮರುಕ್ಷಣ 41,190. ತ್ರೀಫೇಸ್ ಕೊಡುವ ಹೊತ್ತಿನಲ್ಲಿ ಇದು ವಿಪರೀತ. ಊರಿನವರನ್ನು ಕೇಳಿ ಆ ವೇಳೆ ತಿಳಿದುಕೊಳ್ಳಿ. ಲೈನಿನ ಕೆಳಗಿನ ಸ್ಟೇಷನ್‌ಗಳನ್ನು (ಅಳತೆಯ ಜಾಗಗಳನ್ನು) ಕರೆಂಟಿನ ಹೊರೆ ಇಳಿದ ಮೇಲೆ ಮುಗಿಸಿ. ಕಬ್ಬಿಣದ ಕೇಸಿಂಗ್ ಇರುವ ಬೋರ್‌ವೆಲ್ ಬೇರೆಯೇ ಕಾಟ: ನಾಲ್ಕಾರು ಮೀಟರ್ ಒಳಗೆ ಬಂದರೆ ನೂರಾರು ನ್ಯಾನೊಟೆಸ್ಲಾ ಮೊನೆ ಏಳುತ್ತದೆ, ನಕ್ಷೆಯಲ್ಲಿ ಅದೇ ಡೈಕ್ ಎಂದು ಕೂತುಬಿಡುತ್ತದೆ. ಕೇಸಿಂಗ್ ಕಂಡಲ್ಲೆಲ್ಲ ಫೀಲ್ಡ್ ಬುಕ್ಕಿನಲ್ಲಿ ಗುರುತು ಹಾಕಿ.

ಇಷ್ಟಾದರೂ ಬೆಳಗಿನ ಕೆಲಸ ಇದರ ಜೊತೆ ಹಿತವಾಗಿಯೇ ಶುರುವಾಗುತ್ತದೆ. ಬೀಗದ ಕೈ, ಮೊಬೈಲ್, ಬೆಲ್ಟಿನ ಬಕಲ್, ಸುತ್ತಿಗೆ, ಕ್ಲಿಪ್ ಇರುವ ರೈಟಿಂಗ್ ಪ್ಯಾಡ್ ಎಲ್ಲ ಜೀಪಿನಲ್ಲಿ. ಜೀಪಿನಿಂದ ಐವತ್ತು ಮೀಟರಿಗಿಂತ ಆಚೆ, ನೆರಳಿನಲ್ಲಿ ಬೇಸ್ ಸ್ಟೇಷನ್, ಅಂದರೆ ದಿನವಿಡೀ ಒಂದೇ ಕಡೆ ಅಳೆಯುವ ಇನ್ನೊಂದು ಉಪಕರಣ. ಎರಡೂ ಉಪಕರಣದ ಗಡಿಯಾರ ಸೆಕೆಂಡಿಗೆ ಸೆಕೆಂಡ್ ಹೊಂದಿಸಿ, ಬೇಸ್‌ನಲ್ಲಿ ಅರ್ಧ ನಿಮಿಷಕ್ಕೊಂದು ರೀಡಿಂಗ್. ಕ್ಷೇತ್ರ ಮಧ್ಯಾಹ್ನದ ವೇಳೆಗೆ ಹತ್ತಾರು ನ್ಯಾನೊಟೆಸ್ಲಾ ಏರಿ ಇಳಿಯುವುದರಿಂದ ಬೇಸ್ ಇಲ್ಲದ ಸರ್ವೆಗೆ ಬೆಲೆಯಿಲ್ಲ. ಬಾಟಲಿಯನ್ನು ಮೆಲ್ಲಗೆ ಅಲುಗಿಸಿ ಆಲಿಸಬೇಕು: ಕುಲುಕುವ ಸದ್ದು ಬಂದರೆ ಎಣ್ಣೆ ಕಡಿಮೆಯಾಗಿದೆ, ಸಿಗ್ನಲ್ ಬಡವಾಗುತ್ತದೆ. ಬಾಟಲಿಯ ಸುತ್ತಲಿನ ತಂತಿ ಸುರುಳಿಯ ಅಕ್ಷ ಪೂರ್ವ–ಪಶ್ಚಿಮಕ್ಕಿರಲಿ, ಉತ್ತರಕ್ಕೆ ತಿರುಗಿದರೆ ಸಿಗ್ನಲ್ ಸತ್ತಂತೆಯೇ. ಪ್ರತಿ ಸ್ಟೇಷನ್ನಿನಲ್ಲಿ ಮೂರು ರೀಡಿಂಗ್. ಒಂದು ನ್ಯಾನೊಟೆಸ್ಲಾ ಒಳಗೆ ಹೊಂದಿದರೆ ಮಾತ್ರ ಮುಂದಕ್ಕೆ.

ಉತ್ತರ–ದಕ್ಷಿಣದ ಡೈಕ್‌ಗಳು ಕಾಣುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಅದನ್ನು ಉಪಕರಣದ ತಲೆಗೆ ಕಟ್ಟುವುದು ಅನ್ಯಾಯ. ನಮ್ಮಲ್ಲಿ ನೆಲಮಟ್ಟದಿಂದ ಕ್ಷೇತ್ರದ ಬಾಗು 14 ಡಿಗ್ರಿಯಷ್ಟೇ, ಅಂದರೆ ಅದು ಬಹುತೇಕ ಅಡ್ಡಲಾಗಿ ಉತ್ತರಕ್ಕೆ ಸಾಗುತ್ತದೆ; ಅದಕ್ಕೆ ಅಡ್ಡ ನಿಂತ ಡೈಕ್ ಬಲವಾಗಿ ಕಾಂತೀಯವಾಗುತ್ತದೆ, ಅದರುದ್ದಕ್ಕೆ ಮಲಗಿದ್ದು ಸುಳಿವು ಕೊಡುವುದೇ ಕಡಿಮೆ. ಪೂರ್ವ–ಪಶ್ಚಿಮಕ್ಕೆ ಚಾಚಿದ, ಸುಮಾರು 237 ಕೋಟಿ ವರ್ಷ ಹಳೆಯ ಬೆಂಗಳೂರು ಸಮೂಹದ ಡೈಕ್‌ಗಳು ಎದ್ದು ಕಾಣುತ್ತವೆ. ಅದೇ ಅಗಲದ, ಅಷ್ಟೇ ಕಾಂತೀಯತೆಯ ಡೈಕ್ ಉತ್ತರ–ದಕ್ಷಿಣ ಮಲಗಿದ್ದರೆ, ಶಾಶ್ವತ ಕಾಂತೀಯತೆ (ಶಿಲೆ ತಣಿಯುವಾಗಲೇ ಅದರಲ್ಲಿ ಉಳಿದುಬಿಟ್ಟದ್ದು) ಬಿಟ್ಟು ಲೆಕ್ಕ ಹಾಕಿದಾಗ ಸಿಗುವುದು ಅದರ ಶೇ 6ರಷ್ಟು. ಸುಮಾರು 120 ಕೋಟಿ ವರ್ಷದ ಹಾರೋಹಳ್ಳಿಯ ಕ್ಷಾರೀಯ ಡೈಕ್‌ಗಳು ಬಹುಮಟ್ಟಿಗೆ ಆ ದಿಕ್ಕಿನವೇ. ಹಲವು ಪಟ್ಟು ಬೆಲೆಯ ಸೀಸಿಯಂ ಮ್ಯಾಗ್ನೆಟೋಮೀಟರ್ ತಂದರೂ ಈ ಭೌತಶಾಸ್ತ್ರ ಬದಲಾಗದು.

ಅಲ್ಲಿ ಗುರುತ್ವ ಅಳೆಯುವ ಗ್ರಾವಿಮೀಟರ್ ಬೇಕು. ಗುರುತ್ವಕ್ಕೆ ದಿಕ್ಕಿನ ಹಂಗಿಲ್ಲ. ಘನ ಸೆಂಟಿಮೀಟರಿಗೆ 2.7 ಗ್ರಾಂ ಸಾಂದ್ರತೆಯ ನೈಸ್ ಶಿಲೆಯೊಳಗೆ 3.0ರ ಡೈಕ್ ಇಪ್ಪತ್ತು ಮೀಟರ್ ಅಗಲವಿದ್ದರೆ 0.3 ಮಿಲಿಗ್ಯಾಲ್ (ಗುರುತ್ವದ ಅಳತೆ) ಆಸುಪಾಸಿನ ಉಬ್ಬು ಕೊಡುತ್ತದೆ. ಎತ್ತರದಲ್ಲಿ ಅರ್ಧ ಮೀಟರ್ ತಪ್ಪಿದರೆ 0.1 ಮಿಲಿಗ್ಯಾಲ್ ಅಲ್ಲೇ ಹೋಯಿತು. ಆದ್ದರಿಂದ ಕೈಯಲ್ಲಿ ಹಿಡಿಯುವ ಜಿಪಿಎಸ್ ನಂಬಬೇಡಿ, ಲೆವೆಲಿಂಗ್ (ಉಪಕರಣವಿಟ್ಟು ಎತ್ತರದ ಅಳತೆ) ಮಾಡಿಸಿ.

ಕಡಿಮೆ ಬಜೆಟ್ಟಿನ ಕಾಲೇಜು ವಿಭಾಗ, ಸಣ್ಣ ತಂಡಗಳಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಈ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಕೊಳ್ಳಿ. ಸಂಡೂರಿನಂಥ ಕಬ್ಬಿಣದ ಅದಿರಿನ ಗುಡ್ಡಗಳಿಗೆ ಮಾತ್ರ ಬೇಡ: ಮೀಟರಿಗೆ ಸಾವಿರಾರು ನ್ಯಾನೊಟೆಸ್ಲಾ ಬದಲಾಗುವಲ್ಲಿ ಪ್ರೋಟಾನ್ ಸಿಗ್ನಲ್ ಎಣಿಸುವ ಮೊದಲೇ ಆರಿಹೋಗುತ್ತದೆ. ಆರ್ಡರ್ ಕೊಡುವಾಗ ಸೆನ್ಸರ್ ಕೇಬಲ್ ಒಂದು ಹೆಚ್ಚಿಗೆ ಬರೆಸಿ. ಪ್ಲಗ್ಗಿನ ಬುಡದಲ್ಲಿ ತಂತಿ ಒಳಗೊಳಗೇ ತುಂಡಾಗುತ್ತದೆ, ಹೊರಗಿನ ರಬ್ಬರ್ ಸರಿಯಾಗಿಯೇ ಕಾಣುತ್ತಿರುತ್ತದೆ.