ಸ್ಕೈರಿಮ್‌ಗೆ ಮೊದಲ ಸಲ ಮಾಡ್ ಹಾಕೋರಿಗೆ: ಕೈಯಲ್ಲೇ ಹಾಕೋದಾ, ವೋರ್ಟೆಕ್ಸಾ, ಎಂಓ2ನಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಮಾಡ್ ಆರ್ಗನೈಸರ್ 2ಗೆ. ಎಲ್ಲರೂ ಎಂಓ2 ಅಂತಾರಲ್ಲ, ಅದೇ. ಮಾಡ್ ಅಂದ್ರೆ ಗೇಮನ್ನ ಬದಲಾಯಿಸೋಕೆ ಆಟಗಾರರೇ ಮಾಡಿ ಹಂಚೋ ಫೈಲ್‌ಗಳು, ವೋರ್ಟೆಕ್ಸ್, ಎಂಓ2 ಎರಡೂ ಅವನ್ನ ಹಾಕಿ ತೆಗೆಯೋ ಸಾಫ್ಟ್‌ವೇರ್. ಸೇಲಲ್ಲಿ ಕಮ್ಮಿಗೆ ಬಂತು ಅಂತ ಸ್ಕೈರಿಮ್ ಸ್ಪೆಷಲ್ ಎಡಿಷನ್ ತಗೊಂಡೆ, ಗೇಮ್ 2011ರದ್ದು, ಈ ಎಡಿಷನ್ 2016ರದ್ದು, ಇಷ್ಟು ವರ್ಷ ಆದ್ರೂ ಜನ ಇದನ್ನ ಬಿಡದೆ ಆಡ್ತಿದಾರೆ ಅಂದ್ರೆ ಅದಕ್ಕೆ ದೊಡ್ಡ ಕಾರಣ ಮಾಡ್‌ಗಳು, ನಾನು ತಗೊಂಡಿದ್ದೂ ಅದಕ್ಕೇನೇ. ಫೈಲ್ ಕಾಪಿ ಮಾಡಿ ಕೈಯಲ್ಲೇ ಹಾಕೋದು, ವೋರ್ಟೆಕ್ಸ್, ಎಂಓ2, ಮೂರನ್ನೂ ಬಳಸಿ ನೋಡಿದೀನಿ. ನನ್ನ ಡೆಸ್ಕ್‌ಟಾಪಲ್ಲಿ ಸ್ವಲ್ಪ, ಅಕ್ಕನ ಮಗನ ಲ್ಯಾಪ್‌ಟಾಪಲ್ಲಿ ಸ್ವಲ್ಪ.

ಗೇಮ್ ಮೆನುವಲ್ಲೇ ಮಾಡ್ ಇಳಿಸ್ಕೊಳ್ಳೋ ಕ್ರಿಯೇಷನ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒತ್ತಿದ್ರೆ ಬರುತ್ತೆ, ಸುಲಭ, ಆದ್ರೆ ಎಸ್‌ಕೆಎಸ್‌ಇ (ಗೇಮಿನ ಸ್ಕ್ರಿಪ್ಟ್ ಶಕ್ತಿ ಹೆಚ್ಚಿಸೋ ಬೇರೆ ಟೂಲ್) ಬೇಕಾಗೋ ಮಾಡ್ ಅಲ್ಲಿ ನಡೆಯಲ್ಲ, ಅಂದ್ರೆ ಮೆನುಗಳನ್ನ ಪಿಸಿಗೆ ತಕ್ಕ ಹಾಗೆ ಮಾಡೋ ಸ್ಕೈಯುಐ ಮಾಡ್ ಇಲ್ಲ. ಸ್ಕೈಯುಐ ಇಲ್ದೆ ಆ ಇನ್ವೆಂಟರಿ ಮೆನುವನ್ನ ಮೌಸಲ್ಲಿ ಆಡ್ಸೋದು ನನ್ನ ಕೈಲಾಗಲ್ಲ.

ಕೈಯಲ್ಲಿ ಹಾಕೋದು ಕೇಳೋಕೆ ಬಹಳ ಸುಲಭ. ನೆಕ್ಸಸ್ ಅನ್ನೋ ಮಾಡ್ ಸೈಟಿಂದ ಜಿಪ್ ಇಳಿಸ್ಕೊಳ್ಳೋದು, ಬಿಚ್ಚೋದು, ಗೇಮ್ ಫೋಲ್ಡರ್ ಒಳಗಿನ ಡೇಟಾ ಫೋಲ್ಡರ್‌ಗೆ ಹಾಕೋದು, ಪ್ಲಗಿನ್ (ಮಾಡ್ ಏನೇನು ಬದಲಾಯಿಸುತ್ತೆ ಅಂತ ಗೇಮಿಗೆ ಹೇಳೋ ಫೈಲ್) ಆನ್ ಮಾಡೋದು. ಒಂದೋ ಎರಡೋ ಮಾಡ್ ಆದ್ರೆ ನಿಜವಾಗ್ಲೂ ಏನೂ ತೊಂದರೆ ಇಲ್ಲ, ಬೇರೆ ಸಾಫ್ಟ್‌ವೇರ್ ಕಲಿಯೋ ಗೋಜೇ ಇಲ್ಲ. ಹಾಕೋದು ಕಷ್ಟ ಅಲ್ಲವೇ ಅಲ್ಲ, ತೆಗೆಯೋದು ಕಷ್ಟ. ಇದನ್ನ ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಅಕ್ಕನ ಮಗನಿಗೆ ಗೇಮಲ್ಲಿರೋ ಊರಿನ ಜನರ ಮುಖ ಚೆನ್ನಾಗಿ ಕಾಣೋ ಹಾಗೆ ಮಾಡೋ ಒಂದು ಮಾಡ್ ಬೇಕಿತ್ತು, ಹಾಕಿದ್ವಿ, ಚೆನ್ನಾಗೇ ಇತ್ತು. ಆಮೇಲೆ ಅವನಿಗೆ ಬೇಜಾರಾಯ್ತು, ಪ್ಲಗಿನ್ ಡಿಲೀಟ್ ಮಾಡಿದ್ವಿ. ಮುಂದಿನ ಸಲ ಗೇಮ್ ಆನ್ ಮಾಡಿ ವೈಟ್‌ರನ್ ಅನ್ನೋ ಊರಿನ ಸಂತೆಗೆ, ಯಸೋಲ್ಡ ಅನ್ನೋ ಹೆಂಗಸು ಇರೋ ಕಡೆ ಹೋದ್ರೆ "ಮಾಮ, ಯಸೋಲ್ಡಗೆ ಏನಾಗಿದೆ ನೋಡು" ಅಂದ. ಮೈ ಕೈ ಎಲ್ಲಾ ಮೊದಲಿನ ಬಣ್ಣ, ಮುಖ ಮಾತ್ರ ಕರ್ರಗೆ ಮಸಿ ಬಳಿದಂಗೆ, ಕತ್ತಿನ ಹತ್ರ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿದೆ. ಅವಳೊಬ್ಬಳೇ ಅಲ್ಲ, ಪಕ್ಕದಲ್ಲಿ ಇನ್ನೂ ಇಬ್ಬರು ಮೂವರು ಹಾಗೇ.

ಯಾಕೆ ಹೀಗಾಗುತ್ತೆ ಅಂದ್ರೆ, ಸ್ಕೈರಿಮಲ್ಲಿ ಊರ ಜನರ ಮುಖನ ಮೊದಲೇ ರೆಡಿ ಮಾಡಿ ಫೈಲಲ್ಲಿ ಇಟ್ಟಿರ್ತಾರೆ, ತಲೆಯ ಆಕಾರಕ್ಕೆ ಒಂದು ಫೈಲು, ಬಣ್ಣಕ್ಕೆ ಒಂದು ಫೈಲು. ಈ ಫೈಲಿಗೂ ಪ್ಲಗಿನ್ ಒಳಗೆ ಬರೆದಿರೋದಕ್ಕೂ ತಾಳೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಮುಖ ಕಪ್ಪಾಗುತ್ತೆ. ಗೇಮಿನ ಒರಿಜಿನಲ್ ಮುಖಗಳು ಬಿಎಸ್‌ಎ ಅನ್ನೋ ದೊಡ್ಡ ಪ್ಯಾಕ್ ಫೈಲ್ ಒಳಗಿರ್ತವೆ, ಡೇಟಾ ಫೋಲ್ಡರಲ್ಲಿ ಬಿಡಿ ಫೈಲ್ ಸಿಕ್ಕಿದ್ರೆ ಗೇಮ್ ಪ್ಯಾಕನ್ನ ಬಿಟ್ಟು ಆ ಬಿಡಿ ಫೈಲನ್ನೇ ತಗೊಳ್ಳುತ್ತೆ. ಪ್ಲಗಿನ್ ಹೋಯ್ತು, ಮುಖದ ಬಿಡಿ ಫೈಲ್‌ಗಳು ಮಾತ್ರ ಅಲ್ಲೇ ಉಳಿದವು.

ಸರಿ, ಹುಡುಕಿ ತೆಗೆಯೋಣ ಅಂದ್ರೆ ಡೇಟಾ, ಅದರೊಳಗೆ ಮೆಶಸ್, ಅದರೊಳಗೆ ಆಕ್ಟರ್ಸ್, ಕ್ಯಾರೆಕ್ಟರ್, ಫೇಸ್‌ಜೆನ್‌ಡೇಟಾ, ಫೇಸ್‌ಜಿಯೋಮ್, ಅಷ್ಟು ಕೆಳಗಿಳಿದ್ರೆ ಸಿಗೋದು ಎಂಟೆಂಟು ಅಕ್ಷರದ ಕೋಡ್ ಹೆಸರಿನ ಫೈಲ್‌ಗಳ ರಾಶಿ, ಎಲ್ಲೂ ಯಸೋಲ್ಡ ಅಂತ ಬರೆದಿರಲ್ಲ. ಇನ್ನೊಂದು ಮಾಡ್‌ನ ಮುಖಗಳೂ ಅದೇ ಫೋಲ್ಡರಲ್ಲಿ ಸೇರ್ಕೊಂಡಿದ್ರೆ ಯಾವುದು ಯಾವುದರದ್ದು ಅಂತ ನೋಡಿ ಹೇಳೋಕೆ ಆಗಲ್ಲ. ಎರಡನೇದು ಮೊದಲನೇದರ ಫೈಲ್ ಮೇಲೆ ಬರೆದಿದ್ರಂತೂ ಮುಗೀತು, ಮೊದಲನೇದು ವಾಪಸ್ ಬರಲ್ಲ, ಆ ಮಾಡನ್ನ ಮತ್ತೆ ಹಾಕ್ಬೇಕು.

ಗೇಮ್ ಇಳಿಸಿಕೊಡೋ ಸ್ಟೀಮ್ ಆಪಲ್ಲಿ ಗೇಮ್ ಫೈಲ್ ವೆರಿಫೈ ಮಾಡಿದ್ರೆ ಸರಿಹೋಗುತ್ತೆ ಅಂತ ತುಂಬಾ ಜನ ಹೇಳ್ತಾರೆ. ಮಾಡಿದ್ವಿ, ಎಲ್ಲಾ ಸರಿ ಇದೆ ಅಂತ ಬಂತು, ಯಾಕಂದ್ರೆ ಅದು ನೋಡೋದು ತನ್ನ ಪಟ್ಟಿಯಲ್ಲಿರೋ ಫೈಲ್ ಸರಿ ಇದ್ಯಾ ಅಂತ, ನಾವು ತಂದು ಹಾಕಿದ ಫೈಲನ್ನ ಮುಟ್ಟೋದೇ ಇಲ್ಲ. ಅನ್‌ಇನ್‌ಸ್ಟಾಲ್ ಮಾಡಿದ್ರೂ ಅದೇ ಕಥೆ, ತನ್ನ ಫೈಲ್ ಅಳಿಸ್ಕೊಂಡು ಹೋಗುತ್ತೆ, ನಮ್ಮ ಫೈಲ್ ಇರೋ ಫೋಲ್ಡರ್ ಹಾಗೇ ಉಳಿಯುತ್ತೆ. ಅಕ್ಕನ ಮನೇಲಿ ಫೈಬರ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟು, ದಿನಕ್ಕೆ ಇಷ್ಟು ಅಂತ ಲಿಮಿಟ್ಟು, ಹತ್ತು ಜಿಬಿಗಿಂತ ಜಾಸ್ತಿ ಇರೋ ಗೇಮನ್ನ ದಿನಾ ಸ್ವಲ್ಪ ಸ್ವಲ್ಪ ಇಳಿಸಿ ಮತ್ತೆ ಹಾಕಿ ನೋಡಿದ್ರೆ ಯಸೋಲ್ಡ ಮುಖ ಕಪ್ಪಗೇ ಇದೆ! ಆ ಹುಡುಗನ ಮುಖ ನೋಡೋಕಾಗ್ಲಿಲ್ಲ ನನಗೆ. ಪರಿಹಾರ ಇದು: ಅನ್‌ಇನ್‌ಸ್ಟಾಲ್ ಆದ್ಮೇಲೆ ಸ್ಟೀಮ್‌ಆಪ್ಸ್ ಒಳಗಿನ ಕಾಮನ್ ಫೋಲ್ಡರ್‌ಗೆ ಹೋಗಿ ಸ್ಕೈರಿಮ್ ಸ್ಪೆಷಲ್ ಎಡಿಷನ್ ಫೋಲ್ಡರನ್ನ ಕೈಯಲ್ಲೇ ಪೂರ್ತಿ ಡಿಲೀಟ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಸೇವ್ ಫೈಲ್‌ಗಳು ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್ ಅನ್ನೋ ಫೋಲ್ಡರಲ್ಲಿ ಬೇರೆಯಾಗಿ ಇರ್ತವೆ, ಅವಕ್ಕೇನೂ ಆಗಲ್ಲ.

ಈಗ ವೋರ್ಟೆಕ್ಸ್. ನೆಕ್ಸಸ್‌ನವರದೇ, ಫ್ರೀ, ಅಕ್ಕನ ಮಗ ಈಗ ಬಳಸ್ತಿರೋದು ಇದನ್ನೇ, ಅವನಿಗೆ ಖುಷಿಯಾಗಿದೆ. ಮಾಡ್‌ಗಳನ್ನ ಬೇರೆ ಸ್ಟೇಜಿಂಗ್ ಫೋಲ್ಡರಲ್ಲಿ ಇಟ್ಕೊಂಡು, ಡಿಪ್ಲಾಯ್ ಒತ್ತಿದಾಗ ಡೇಟಾ ಫೋಲ್ಡರ್‌ಗೆ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಜಾಗದಲ್ಲಿ ಇನ್ನೊಂದು ಹೆಸರು) ಹಾಕುತ್ತೆ, ಪರ್ಜ್ ಒತ್ತಿದ್ರೆ ಆ ಲಿಂಕ್ ಎಲ್ಲಾ ತೆಗೆಯುತ್ತೆ, ಮೇಲೆ ಹೇಳಿದ ಗೋಳು ಇಲ್ಲ. ಎಸ್‌ಕೆಎಸ್‌ಇ ಬೇಡದ ಮಾಡ್‌ಗಳಷ್ಟೇ ಇದ್ರೆ ಗೇಮನ್ನ ಸ್ಟೀಮಿಂದ್ಲೇ ಶುರು ಮಾಡ್ಬಹುದು. ಪ್ಲಗಿನ್ ಆರ್ಡರ್‌ನ, ಅಂದ್ರೆ ಯಾವುದು ಯಾವುದರ ನಂತರ ಲೋಡ್ ಆಗ್ಬೇಕು ಅನ್ನೋದನ್ನ, ಲೂಟ್ ಅನ್ನೋ ಟೂಲ್ ಇಟ್ಕೊಂಡು ತಾನೇ ಜೋಡಿಸುತ್ತೆ. ಸ್ಟಾರ್‌ಡ್ಯೂ ವ್ಯಾಲಿ, ಸೈಬರ್‌ಪಂಕ್, ವಿಚರ್ 3 ಎಲ್ಲಕ್ಕೂ ಒಂದೇ ಸಾಫ್ಟ್‌ವೇರ್ ಆಗುತ್ತೆ.

ನನಗೆ ಹೊಂದದೇ ಇದ್ದಿದ್ದು ಆ ಹಾರ್ಡ್‌ಲಿಂಕ್. ಹಾರ್ಡ್‌ಲಿಂಕ್ ಒಂದೇ ಪಾರ್ಟಿಷನ್ ಒಳಗೆ ಮಾತ್ರ ಆಗೋದು, ಹಾಗಾಗಿ ಗೇಮ್ ಎಲ್ಲಿದೆಯೋ ಮಾಡ್‌ಗಳೂ ಅಲ್ಲೇ ಇರ್ಬೇಕು. ನನ್ನದು ಚಿಕ್ಕ ಎಸ್‌ಎಸ್‌ಡಿ, ಅದರಲ್ಲಿ ವಿಂಡೋಸು, ಆಫೀಸ್ ಕೆಲಸ, ಈ ಗೇಮು ಅಷ್ಟಕ್ಕೇ ಜಾಗ, ಮಾಡ್ ಇಡೋಕೆ ಇರೋದು ಹಳೇ ಹಾರ್ಡ್ ಡಿಸ್ಕು. ಇನ್ನೊಂದು ಎಸ್‌ಎಸ್‌ಡಿ ತಗೊಳ್ಳೋ ದುಡ್ಡಿದ್ರೆ ಈ ಮಾತೇ ಬರ್ತಿರ್ಲಿಲ್ಲ. ಅದು ಬಿಟ್ರೆ, ಎರಡು ಮಾಡ್ ಒಂದೇ ಫೈಲಿಗೆ ಕಿತ್ತಾಡಿದಾಗ ಯಾವುದು ಯಾವುದರ ನಂತರ ಅಂತ ರೂಲ್ ಹಾಕ್ಬೇಕು, ಮಾಡ್ ಜಾಸ್ತಿ ಆದಂಗೆ ರೂಲ್‌ಗಳೂ ಜಾಸ್ತಿ, ಸುತ್ತಿ ಬಂದು ಒಂದಕ್ಕೊಂದು ಗಂಟು ಬಿದ್ರೆ ಸೈಕಲ್ ಅಂತ ತೋರ್ಸುತ್ತೆ, ಅದನ್ನ ಬಿಡಿಸೋಕೆ ತಾಳ್ಮೆ ಬೇಕು.

ಎಂಓ2 ಡೇಟಾ ಫೋಲ್ಡರನ್ನ ಮುಟ್ಟೋದೇ ಇಲ್ಲ. ಪ್ರತಿ ಮಾಡ್‌ಗೂ ಅದರದ್ದೇ ಹೆಸರಿನ ಒಂದು ಫೋಲ್ಡರು, ಎಲ್ಲಾ ಎಂಓ2 ಹತ್ರನೇ. ಅದರ ಒಳಗಿಂದ ಗೇಮ್ ಶುರು ಮಾಡಿದಾಗ ಆ ಫೈಲೆಲ್ಲಾ ಡೇಟಾ ಒಳಗಿದ್ದಂಗೆ ಗೇಮಿಗೆ ಕಾಣೋ ಹಾಗೆ ಮಾಡುತ್ತೆ, ಗೇಮ್ ಮುಚ್ಚಿ ಎಕ್ಸ್‌ಪ್ಲೋರರಲ್ಲಿ ನೋಡಿದ್ರೆ ಡೇಟಾ ಫೋಲ್ಡರ್ ಹೊಸದಾಗಿ ಇನ್‌ಸ್ಟಾಲ್ ಮಾಡಿದಂಗೇ ಇರುತ್ತೆ. ನಂಗೆ ಇದು ಎಷ್ಟು ಇಷ್ಟ ಆಯ್ತು ಅಂದ್ರೆ ಅದೇ ಮುಖದ ಮಾಡನ್ನ ಬೇಕಂತಲೇ ಇದರಲ್ಲಿ ಹಾಕಿ, ಟಿಕ್ ತೆಗೆದು, ಗೇಮ್ ಆನ್ ಮಾಡಿ ಯಸೋಲ್ಡ ಹತ್ರ ಹೋಗಿ ನಿಂತು ನೋಡಿದೆ. ಮುಖ, ಕತ್ತು ಎಲ್ಲಾ ಒಂದೇ ಬಣ್ಣ. ಒಂದು ಟಿಕ್ ಅಷ್ಟೇ!

ಮಾಡ್‌ಗಳು ಹಾರ್ಡ್ ಡಿಸ್ಕಲ್ಲಿ, ಗೇಮ್ ಎಸ್‌ಎಸ್‌ಡಿಯಲ್ಲಿ, ಹೀಗೆ ಬೇರೆ ಬೇರೆ ಇದ್ರೂ ನಡೆಯುತ್ತೆ. ದೊಡ್ಡ ಟೆಕ್ಸ್ಚರ್ ಮಾಡ್ ಹಾಕಿದ್ರೆ ಲೋಡಿಂಗ್ ಸ್ವಲ್ಪ ನಿಧಾನ, ನನಗದು ಪರವಾಗಿಲ್ಲ. ಕಿತ್ತಾಟ ಇದ್ದಲ್ಲಿ ಮಿಂಚಿನ ಗುರ್ತು ಬರುತ್ತೆ, ಹಸಿರು ಪ್ಲಸ್ ಇದ್ರೆ ಈ ಮಾಡ್ ಗೆಲ್ತಿದೆ, ಕೆಂಪು ಮೈನಸ್ ಇದ್ರೆ ಸೋಲ್ತಿದೆ. ಹಿಡಿದು ಕೆಳಗೆ ಎಳೆದ್ರೆ ಗೆಲ್ಲುತ್ತೆ. ಡಬಲ್ ಕ್ಲಿಕ್ ಮಾಡಿದ್ರೆ ಯಾವ ಯಾವ ಫೈಲು ಅಂತ ಪಟ್ಟಿ ಸಿಗುತ್ತೆ, ಬೇಡದ ಒಂದೇ ಒಂದು ಫೈಲನ್ನ ಹೈಡ್ ಮಾಡ್ಬಹುದು. ಇನ್ನು ಪ್ರೊಫೈಲು: ರಜಾ ದಿನ ಹುಡುಗ ಬಂದು ನನ್ನ ಡೆಸ್ಕ್‌ಟಾಪಲ್ಲಿ ಆಡ್ತಾನೆ, ಅವನಿಗೆ ಅವನದೇ ಪ್ರೊಫೈಲು, ಅವನ ಮಾಡ್ ಪಟ್ಟಿ, ಅವನ ಸೇವ್‌ಗಳು ಬೇರೆ, ನನ್ನದು ಬೇರೆ.

ತೊಂದರೆ ಇಲ್ಲ ಅಂತಲ್ಲ. ಸ್ಟೀಮಿಂದ ನೇರವಾಗಿ ಗೇಮ್ ಶುರು ಮಾಡಿದ್ರೆ ಒಂದೂ ಮಾಡ್ ಇರಲ್ಲ, ಯಾವಾಗ್ಲೂ ಎಂಓ2 ಇಂದಾನೇ ಶುರು ಮಾಡ್ಬೇಕು, ಬೇರೆ ಟೂಲ್‌ಗಳನ್ನೂ ಅಷ್ಟೇ. ಮೊದಲ ದಿನ ಎಡಗಡೆ ಒಂದು ಪಟ್ಟಿ ಬಲಗಡೆ ಇನ್ನೊಂದು ಪಟ್ಟಿ ನೋಡಿ ತಲೆ ಕೆಡುತ್ತೆ, ಎಡಗಡೆದು ಮಾಡ್‌ಗಳ ಫೈಲು, ಬಲಗಡೆದು ಪ್ಲಗಿನ್ ಆರ್ಡರ್ ಅಂತ ಗೊತ್ತಾದ್ರೆ ಸಾಕು. ಪ್ರೋಗ್ರಾಂ ಫೈಲ್ಸ್ ಒಳಗಾಗಲಿ ಗೇಮ್ ಫೋಲ್ಡರ್ ಒಳಗಾಗಲಿ ಇದನ್ನ ಇನ್‌ಸ್ಟಾಲ್ ಮಾಡ್ಬೇಡಿ. ಸ್ಕೈರಿಮ್ ಮಾಡಿದ ಬೆಥೆಸ್ಡಾ ಕಂಪನಿಯ ಗೇಮ್ ಬಿಟ್ಟು ಬೇರೆ ಗೇಮ್ ಜಾಸ್ತಿ ಆಡೋರಿಗೆ ವೋರ್ಟೆಕ್ಸೇ ವಾಸಿ.

ಎಸ್‌ಕೆಎಸ್‌ಇ ಮಾತ್ರ ಯಾವ ದಾರಿ ಹಿಡಿದ್ರೂ ತಪ್ಪಲ್ಲ, ಅದರ ವರ್ಷನ್ನು ಗೇಮಿನ ವರ್ಷನ್ನಿಗೆ ಸರಿಯಾಗಿ ಹೊಂದ್ಬೇಕು. ಗೇಮಿನ ಇಎಕ್ಸ್‌ಇ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ 1.6.1170 ಅಂತಿದ್ರೆ ಎಸ್‌ಕೆಎಸ್‌ಇ 2.2.6, ಹಳೇ 1.5.97 ಅಂತಿದ್ರೆ 2.0.20. ಲೋಡರ್ ಮತ್ತು ಡಿಎಲ್‌ಎಲ್ ಫೈಲ್ ಗೇಮ್ ಫೋಲ್ಡರ್‌ಗೇ ಹೋಗ್ಬೇಕು, ಎಂಓ2 ಇದ್ರೂ ಇದೊಂದನ್ನ ಕೈಯಲ್ಲೇ ಹಾಕೋದು.

ದುಡ್ಡಿನ ವಿಷಯ: ಮೂರು ದಾರಿಗೂ ಖರ್ಚಿಲ್ಲ. ನೆಕ್ಸಸ್ ಫ್ರೀ ಅಕೌಂಟಲ್ಲಿ ಸ್ಪೀಡ್ ಕಮ್ಮಿ, ಪ್ರತಿ ಡೌನ್‌ಲೋಡ್‌ಗೂ ಸ್ವಲ್ಪ ಕಾಯ್ಬೇಕು, ನಾನು ಇನ್ನೂ ಪ್ರೀಮಿಯಂ ತಗೊಂಡಿಲ್ಲ, ರಾತ್ರಿ ಊಟ ಆದ್ಮೇಲೆ ಒಂದೊಂದೇ ಇಳಿಸ್ಕೊಳ್ಳೋ ಅಭ್ಯಾಸ ಇರೋದ್ರಿಂದ ಸಾಕಾಗುತ್ತೆ. ವೋರ್ಟೆಕ್ಸ್, ಎಂಓ2 ಎರಡನ್ನೂ ಒಂದೇ ಕಂಪ್ಯೂಟರಲ್ಲಿ ಇಟ್ಕೊಂಡ್ರೆ ಸೈಟಿನ ಡೌನ್‌ಲೋಡ್ ಬಟನ್ ಒತ್ತಿದಾಗ ಅದು ಯಾವುದೋ ಒಂದಕ್ಕೆ ಮಾತ್ರ ಹೋಗುತ್ತೆ, ಯಾವುದಕ್ಕೆ ಅಂತ ಸೆಟ್ಟಿಂಗಲ್ಲಿ ನೀವೇ ಹೇಳ್ಬೇಕು.

ಹೊಸದನ್ನ ಹಾಕಿ ನೋಡಿ ಹಿಡಿಸ್ಲಿಲ್ಲ ಅಂದ್ರೆ ತೆಗೆಯೋ ಅಭ್ಯಾಸ ನಿಮಗೂ ಇದ್ದು, ಆಡೋದು ಜಾಸ್ತಿ ಸ್ಕೈರಿಮ್ಮೇ ಆದ್ರೆ ಎಂಓ2 ಹಾಕ್ಕೊಳ್ಳಿ. ಎಸ್‌ಕೆಎಸ್‌ಇ, ಅದರ ಎಷ್ಟೋ ಮಾಡ್‌ಗಳಿಗೆ ಬೇಕಾಗೋ ಅಡ್ರೆಸ್ ಲೈಬ್ರರಿ, ಸ್ಕೈಯುಐ, ಗೇಮಿನ ದೋಷ ಸರಿಮಾಡೋ ಅನ್‌ಅಫಿಶಿಯಲ್ ಪ್ಯಾಚ್, ಈ ನಾಲ್ಕೇ ಮೊದಲು ಹಾಕಿ, ಗೇಮ್ ಒಳಗೆ ಹೋಗಿ ಇನ್ವೆಂಟರಿ ಬದಲಾಗಿದ್ಯಾ ನೋಡಿ. ಬದಲಾಗಿದ್ರೆ ಆ ಪ್ರೊಫೈಲನ್ನ ಕಾಪಿ ಮಾಡಿಟ್ಟು, ಕಾಪಿಯಲ್ಲಿ ನಿಮ್ಮ ಪ್ರಯೋಗ ಶುರು ಮಾಡಿ. ಸ್ಕ್ರಿಪ್ಟ್ (ಗೇಮ್ ಒಳಗೆ ಓಡೋ ಚಿಕ್ಕ ಪ್ರೋಗ್ರಾಂ) ಇರೋ ಮಾಡನ್ನ ಮಾತ್ರ ಅರ್ಧ ಆಟದಲ್ಲಿ ತೆಗೀಬೇಡಿ, ಸೇವ್ ಕೆಟ್ರೆ ಅದನ್ನ ಎಂಓ2 ಕೂಡ ಉಳಿಸಲ್ಲ.